ನೆಲದಲ್ಲಿ ಬರೀ ನಡುಗುವ ಡಬ್ಬಿ ಓರೆ ಮೇಜಿನ ಮೇಲೆ ಹಾರಿತು – ನನ್ನ ಅನುಭವ

ಬದಿಯಡ್ಕದ ಹತ್ತಿರ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕ್ಷುದ್ರಗ್ರಹದ ಮೇಲೆ ಚಕ್ರವಿಲ್ಲದೆ ಕುಪ್ಪಳಿಸುವ ರೋವರಿನ ಹಾಗಿನ ಒಂದು ಡಬ್ಬಿಯನ್ನು ಅಲ್ಲಿ ಮಾಡ್ತಿದ್ದೇನೆ. ಎರಡು ವರ್ಷದಿಂದ ಬಂದವರೆಲ್ಲ ಹೇಳಿದ್ದು ಒಂದೇ, ಇದು ಹಾರುವುದಿಲ್ಲ ಅಂತ. ನೆಲದ ಮೇಲಿಟ್ಟು ಸ್ವಿಚ್ ಒತ್ತಿದ್ರೆ ಡಬ್ಬಿ ಒಮ್ಮೆ ನಡುಗ್ತದೆ ಅಷ್ಟೇ, ಭಾವನಂತೂ "ಪಂಪು ರಿಪೇರಿ ಬಿಟ್ಟು ಎಂತ ಭಾವ ಇದು" ಅಂತ ಪ್ರತಿ ಆದಿತ್ಯವಾರ ಕೇಳ್ತಿದ್ದ.

ಆಸೆ ಹುಟ್ಟಿದ್ದು 2018ರಲ್ಲಿ. ಜಪಾನಿನವರ ಹಯಬುಸ-2 ನೌಕೆ ರ‍್ಯುಗು ಕ್ಷುದ್ರಗ್ರಹಕ್ಕೆ ಇಳಿಸಿದ ಮಿನರ್ವಾ ರೋವರಿಗೆ ಚಕ್ರವೇ ಇಲ್ಲ, ಒಂದು ಕಿಲೋ ಚಿಲ್ಲರೆ ತೂಕದ ಡಬ್ಬಿ, ಒಳಗೆ ಮೋಟಾರು ತಿರುಗಿದ್ರೆ ಮೈ ಎದುರು ದಿಕ್ಕಿಗೆ ತಿರುಗಿ ನೆಲವನ್ನು ಒತ್ತಿ ಕುಪ್ಪಳಿಸ್ತದೆ. ಅಲ್ಲಿಯ ಎಳೆತ ನಮ್ಮದರ 60-80 ಸಾವಿರದಲ್ಲಿ ಒಂದು ಪಾಲು, ಚಕ್ರಕ್ಕೆ ಹಿಡಿತ ಎಲ್ಲಿಂದ ಬರ್ಬೇಕು? ಕುಪ್ಪಳಿಸುವುದಕ್ಕೆ ಆ ತೊಂದರೆ ಕಮ್ಮಿ, ಒತ್ತುವಾಗಲೇ ಹಿಡಿತವೂ ಹುಟ್ಟುತ್ತದೆ. ಮೋಟಾರಿನವನಿಗೆ ಇದು ಬಿಡುವ ವಿಷಯವೇ ಅಲ್ಲ.

ಇಲ್ಲಿ ಡಬ್ಬಿಯ ಮೇಲಿನ ಎಳೆತ ಕಮ್ಮಿ ಮಾಡ್ಲಿಕ್ಕೆ ಮೊದಲು ರಾಟೆಗೆ ನೂಲು ಕಟ್ಟಿ, ಆಚೆ ತುದಿಗೆ ಸರಿ ಭಾರ ಹಾಕಿ ತೂಗಿಸಿದೆ. ಡಬ್ಬಿ ಹಾರುವ ಬದಲು ಉಯ್ಯಾಲೆ ಆಡಿತು, ರಾಟೆಯ ಉಜ್ಜುವಿಕೆಯೇ ಅದರ ಬಲಕ್ಕಿಂತ ಜಾಸ್ತಿ. ಆಮೇಲೆ ತೋಟದ ಟ್ಯಾಂಕಿಯಲ್ಲಿ ತೇಲದೆ ಮುಳುಗದೆ ನಿಲ್ಲುವ ಹಾಗೆ ಮಾಡಿದೆ, ಎರಡು ಇಂಚು ಹೋಗುವಷ್ಟರಲ್ಲಿ ನೀರೇ ಹಿಡಿದು ನಿಲ್ಲಿಸ್ತದೆ. ಅದರಲ್ಲೇ ಸೀಲ್ ಸೋರಿ ಎರಡು ಡ್ರೋನ್ ಮೋಟಾರು ಹೋಯ್ತು, ಒಂದಕ್ಕೆ ಏಳುನೂರರ ಮೇಲೆ.

ಕೊನೆಗೆ ಹೊಳೆದದ್ದು ಗಾಳಿ ಮೇಜು. ನಾಲ್ಕಕ್ಕೆ ಎರಡು ಅಡಿ ಅಕ್ರಿಲಿಕ್ ಶೀಟಿಗೆ ಇಂಚಿಗೊಂದರಂತೆ ಸಾವಿರದ ಚಿಲ್ಲರೆ ತೂತು, ಕೆಳಗೆ ಪ್ಲೈವುಡ್ ಪೆಟ್ಟಿಗೆ, ಅದಕ್ಕೆ ಬ್ಲೋವರ್. ಒಂದು ಎಂಎಂ ಡ್ರಿಲ್ ಬಿಟ್ ಹದಿನಾಲ್ಕೋ ಹದಿನೈದೋ ಮುರಿದದ್ದು. ಡಬ್ಬಿಯನ್ನು ಅಡ್ಡ ಮಲಗಿಸಿ ಗಾಳಿ ಮೇಲೆ ತೇಲಿಸಿದೆ, ಸುಮಾರು 350 ಗ್ರಾಂ. ಮೇಜಿನ ಒಂದು ತಲೆ ಎರಡು ಸೆಂಟಿಮೀಟರ್ ಎತ್ತಿದ್ರೆ ಡಬ್ಬಿಗೆ ಇಳಿಜಾರಿನ ಎಳೆತ ಭೂಮಿಯ 60ರಲ್ಲಿ ಒಂದು ಪಾಲು ಮಾತ್ರ, ಕೆಳಗಿನ ಅಂಚೇ ಅದರ ನೆಲ. ಆ ಅಂಚಿಗೆ ಮೊದಲು ಎಂ-ಸ್ಯಾಂಡ್ ಅಂಟಿಸಿದ್ದೆ, ಆದ್ರೆ ರ‍್ಯುಗುವಿಗೇ ಇಳಿದ ಮ್ಯಾಸ್ಕಾಟ್ ಅನ್ನುವ ಇನ್ನೊಂದು ಯಂತ್ರ ತೆಗೆದ ಫೋಟೋದಲ್ಲಿ ನುಣ್ಣಗಿನ ಧೂಳು ಕಾಣುವುದಿಲ್ಲ, ಬರೀ ಕಲ್ಲು. ಕೆಂಪುಕಲ್ಲಿನ ಚೂರಿಗೆ ಬದಲಾಯಿಸಿದೆ, ಡಬ್ಬಿಯ ಕಾಲಿನ ಮೊಳೆಗೆ ಹಿಡಿತವೂ ಸಿಕ್ಕಿತು.

ಆಗ ನಾನು ಡಬ್ಬಿಯೊಳಗಿನ ಫ್ಲೈವೀಲ್ (ಭಾರದ ಚಕ್ರ) ಜೋರು ತಿರುಗಿಸಿ ಗಕ್ಕನೆ ಬ್ರೇಕ್ ಹಾಕುವ ಪದ್ಧತಿಯಲ್ಲಿದ್ದೆ. ಅರ್ಧ ಮೇಜು ಹಾರಿತು! ಅಂಗಡಿಯಲ್ಲಿ ಇದ್ದವರೆಲ್ಲ ಎದ್ದು ಬಂದ್ರು. ರಾತ್ರಿ ವೀಡಿಯೋ ನೋಡಿ ಲೆಕ್ಕ ಹಾಕಿದ್ರೆ ಸೆಕೆಂಡಿಗೆ 44 ಸೆಂಟಿಮೀಟರ್ ವೇಗ, ರ‍್ಯುಗುವಿನಿಂದ ತಪ್ಪಿಸಿಕೊಂಡು ಹೋಗ್ಲಿಕ್ಕೆ ಸುಮಾರು 37 ಸಾಕು. ಅಂದ್ರೆ ನನ್ನ ಡಬ್ಬಿ ಅಲ್ಲಿದ್ದಿದ್ರೆ ವಾಪಸೇ ಬರ್ತಿರಲಿಲ್ಲ. 2005ರಲ್ಲಿ ಇಟೊಕಾವ ಅನ್ನುವ ಕ್ಷುದ್ರಗ್ರಹದ ಹತ್ತಿರ ಮೊದಲನೇ ಮಿನರ್ವಾ ಕಳೆದುಹೋದದ್ದು ಬೇರೆ ಕಾರಣಕ್ಕೆ, ತಾಯಿ ನೌಕೆ ಮೇಲೇರುವ ಹೊತ್ತಿಗೆ ಬಿಟ್ಟದ್ದು, ಆದ್ರೂ ಆ ರಾತ್ರಿ ಅದೇ ನೆನಪಾಯ್ತು.

ಬ್ರೇಕ್ ಬಿಚ್ಚಿ ಹಾಕಿದೆ. ಮೋಟಾರಿನ ಟಾರ್ಕನ್ನು (ತಿರುಗಿಸುವ ಬಲ) ಮೆಲ್ಲಗೆ ಏರಿಸಿ ಸೆಕೆಂಡಿಗೆ ಏಳೆಂಟು ಸೆಂಟಿಮೀಟರಿಗೆ ತಂದೆ, ಏರಿಸುವ ಕ್ರಮ ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅದಕ್ಕೇ ನನಗೆ ನಾಲ್ಕು ತಿಂಗಳು ಹಿಡಿದದ್ದು. ಕೋಡ್ ಒಂದೂವರೆ ಪುಟ ಇಲ್ಲ.

ಮಧ್ಯೆ ಬತ್ತಿದ ಬಾವಿಗೂ ಇಳಿದೆ. ಎಂಟು ಮೀಟರ್ ಆಳ, ಅಡಿಗೆ ತೆಂಗಿನ ನಾರು ಹಾಸಿ, ಮರಳು ಮತ್ತು ಹಳೇ ಫೋನ್ ಇಟ್ಟ ಪೆಟ್ಟಿಗೆ ಬಿಟ್ಟೆ. ಬೀಳುವಾಗ ಒಂದೂಕಾಲು ಸೆಕೆಂಡು ಭಾರವೇ ಇಲ್ಲ, ನುಣ್ಣಗಿನ ಮರಳು ಪೆಟ್ಟಿಗೆಯ ಗೋಡೆಗೆ ಹೋಗಿ ಅಂಟಿಕೊಂಡದ್ದು ವೀಡಿಯೋದಲ್ಲಿ ಚೆಂದ ಕಾಣ್ತದೆ. ಡಬ್ಬಿಯ ಕೆಲಸಕ್ಕೆ ಉಪಯೋಗ ಆಗ್ಲಿಲ್ಲ, ಆದ್ರೂ ಇಪ್ಪತ್ತು ಸಲ ಬಿಟ್ಟಿದ್ದೇನೆ.

ಕಡಿಮೆ ವೇಗಕ್ಕೆ ಮೇಜಿನ ಓರೆಯೂ ಕಡಿಮೆ ಬೇಕು, ಮೂರು ಎಂಎಂ, 400ರಲ್ಲಿ ಒಂದು ಪಾಲು. ಅಷ್ಟಕ್ಕೆ ಮೇಜಿನ ಸೊಟ್ಟವೇ ಡಬ್ಬಿಯನ್ನು ಎಳ್ಕೊಂಡು ಹೋಗ್ತದೆ. ಮೇಸ್ತ್ರಿಯ ಲೆವೆಲ್ ಟ್ಯೂಬ್ ತಂದು ನಾಲ್ಕು ಮೂಲೆಗೂ ಇಸ್ಪೀಟ್ ಎಲೆ ತುರುಕಿ ಸರಿಮಾಡಿದ್ದು. ಸಾಯಂಕಾಲ ತೋಟದ ಪಂಪುಗಳೆಲ್ಲ ಶುರುವಾದ್ರೆ ವೋಲ್ಟೇಜ್ ಬಿದ್ದು ಬ್ಲೋವರ್ ಕುಂಟುತ್ತದೆ, ಹಾಗಾಗಿ ಎಲ್ಲ ರಾತ್ರಿ ಹತ್ತರ ಮೇಲೆ. ಒಟ್ಟು ಖರ್ಚು ಒಂಬತ್ತು ಸಾವಿರದ ಹತ್ತಿರ, ಅದರಲ್ಲಿ ಅರ್ಧ ಹಾಳಾದ ಸಾಮಾನಿಗೆ.

ಕಳೆದ ವಾರ ಭಾವನನ್ನು ಕರೆಸಿದೆ. ಮೊದಲು ನೆಲದ ಮೇಲೆ ಒತ್ತಿದೆ, ನಡುಗಿತು. ಆ ವೇಗಕ್ಕೆ ಭೂಮಿ ಮೇಲೆ ಅರ್ಧ ಮಿಲಿಮೀಟರೂ ಏಳುವುದಿಲ್ಲ, ಎರಡು ವರ್ಷ ಎಲ್ಲರೂ ನೋಡಿದ ನಡುಕ ಇದುವೇ. ಅದೇ ಡಬ್ಬಿ, ಅದೇ ಕೋಡ್, ಮೇಜಿನ ಮೇಲೆ ಒತ್ತಿದೆ. ಅರ್ಧ ಗೇಣಿನಷ್ಟು ಎದ್ದು, ನಿಧಾನಕ್ಕೆ ತಿರುಗ್ತಾ ಬಂದು ಕೂತಿತು. ಭಾವ ಫೋನಿನಲ್ಲಿ ಟೈಮ್ ಹಿಡಿದಿದ್ದ, ಆರು ಸೆಕೆಂಡಿನ ಮೇಲೆ. ಏನೂ ಹೇಳ್ಲಿಲ್ಲ, ರಿಮೋಟ್ ತಾನೇ ತಗೊಂಡು ಹನ್ನೊಂದೂವರೆವರೆಗೆ ಹಾರಿಸಿದ.