ಚಕ್ಕರ್ ಅಂದರೆ ಯಾವ ಚಕ್ಕರ್?

ನನ್ನ ತಂಗಿಯ ಮಗಳು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲೇ ಇದ್ದುಕೊಂಡು ಫೋರ್ಟ್ ಕಡೆ ಕೆಲಸಕ್ಕೆ ಹೋಗುತ್ತಾಳೆ. ಆಗಾಗ "ದೊಡ್ಡಮ್ಮ, ಚಕ್ಕರ್ ಬರ್ತಾ ಇದೆ" ಅನ್ನುತ್ತಿದ್ದಳು. ಯಾವ ಚಕ್ಕರ್ ಅಂತ ಕೇಳಿದರೆ ಉತ್ತರ ಇಲ್ಲ. ಇಲ್ಲಿಯ ಮರಾಠಿ ಮಾತೊಂದು ಸಿಕ್ಕಿತು ಅಂತ ಎಲ್ಲವನ್ನೂ ಅದರೊಳಗೇ ತುರುಕುವುದಾ? ಗೋಡೆ, ಫ್ಯಾನು, ಮಂಚ ಗಿರಗಿರ ತಿರುಗಿದರೆ ಅದು ತಲೆ ಸುತ್ತು. ಎದ್ದು ನಿಂತ ಕೂಡಲೇ ಎದುರಿಗೆ ಕಪ್ಪು ಪರದೆ ಬಿದ್ದಂತಾದರೆ ಕಣ್ಣು ಕತ್ತಲೆ. ಹೊಟ್ಟೆ ಖಾಲಿಯಾಗಿ ಕೈ ನಡುಗಿ ಬೆವರಿದರೆ ನಿತ್ರಾಣ. ಡಾಕ್ಟರು ಮೊದಲು ಕೇಳುವುದೂ ಇದನ್ನೇ. ಇದನ್ನು ಬಿಟ್ಟು ಮೆಡಿಕಲ್‌ನಿಂದ ಪಿತ್ತದ ಮಾತ್ರೆ ತಂದು ನುಂಗುವುದು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಗ್ಗುಲು ಬದಲಿಸಿದಾಗ, ತಲೆ ಎತ್ತಿದಾಗ ಲೋಕ ತಿರುಗಿದರೆ ಅದು ಹೆಚ್ಚಾಗಿ ಕಿವಿಯದು. ಒಳಗಿವಿಯಲ್ಲಿ ಸಣ್ಣ ಹರಳುಗಳಿರುತ್ತವೆ, ಅವು ಜಾಗ ತಪ್ಪಿದರೆ ಹೀಗಾಗುತ್ತದೆ. ಡಾಕ್ಟರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿಯೇ ಎಷ್ಟೋ ಸಲ ಸರಿಮಾಡುತ್ತಾರೆ. ಮನೆಯಲ್ಲಿ ನೀವೇ ಏನೇನೋ ಮಾಡಲು ಹೋಗಬೇಡಿ, ಹೋಗಿ ತೋರಿಸಿ.

ಹುಡುಗ ಹುಡುಗಿಯರಲ್ಲಿ ನಾನು ಜಾಸ್ತಿ ನೋಡುವುದು ಎರಡನೆಯದು, ಕಣ್ಣು ಕತ್ತಲೆ. ರಾತ್ರಿ ಒಂದು ಗಂಟೆಯ ತನಕ ಫೋನು. ಬೆಳಿಗ್ಗೆ ಅಲಾರಂ ಹೊಡೆದ ಕೂಡಲೇ ದಡಕ್ಕನೆ ಎದ್ದು ಬಚ್ಚಲಿಗೆ ಓಟ. ಮಲಗಿದ್ದವರು ನಿಂತ ಕೂಡಲೇ ಅರ್ಧ ಲೀಟರಿಗೂ ಮೇಲೆ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದರೆ ದೇಹ ಸಂಭಾಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬೀಪಿ ನೋಡುತ್ತಾರಲ್ಲ, ಅದು ಇದಕ್ಕೇ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಕಾರಣ ಸಿಕ್ಕಿದ ಹಾಗೆ. ಹಾಸಿಗೆಯಲ್ಲೇ ಪಾದವನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಮಗ್ಗುಲಾಗಿ ಎದ್ದು, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮೇಲೆ ನಿಲ್ಲಿ. ಇಷ್ಟರಿಂದ ಯಾವ ಲೋಕಲ್ಲೂ ತಪ್ಪುವುದಿಲ್ಲ.

ಇನ್ನು ಮೈಗೆ ನೀರು, ಉಪ್ಪು ಕೊಡುವ ಗಂಜಿ ತಿಳಿ. ಇದನ್ನು ನಾನು ಬಿಡುವವಳಲ್ಲ. 1979ರಲ್ಲಿ ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಯ ಚಾಳಿಗೆ ಬಂದೆ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕಕ್ಕೆ. ಮೊದಲನೆಯವನು ಹೊಟ್ಟೆಯಲ್ಲಿದ್ದಾಗ ಒಂದು ದಿನ ಸಾಲಿನಲ್ಲಿ ನಿಂತಲ್ಲೇ ಕೊಡ ಕೈಜಾರಿತು. ಪಕ್ಕದ ಮನೆಯ ಮಾಲವಣದ ಅಜ್ಜಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ತಲೆಯನ್ನು ಮೊಣಕಾಲ ನಡುವೆ ಬಗ್ಗಿಸಿ ಹಿಡಿದರು. ಆಮೇಲೆ ಒಂದು ಲೋಟ ಪೇಜ್ ತಂದರು. ಕುಡಿದು ನೋಡಿದರೆ ನಮ್ಮ ಗಂಜಿ ತಿಳಿಯೇ! ಊರು ಬಿಟ್ಟು ಬಂದ ಮೇಲೆ ಅಷ್ಟು ಸಮಾಧಾನ ಆದದ್ದು ಅವತ್ತೇ.

ಕುಚ್ಚಲಕ್ಕಿಯೇ ಬೇಕು. ನಮ್ಮ ಕಡೆಯ ಅಂಗಡಿಗಳಿರುವ ಮಾಟುಂಗದ ತನಕ ಹೋಗಲಾಗದಿದ್ದರೆ ಇಲ್ಲಿಯ ಅಂಗಡಿಯಲ್ಲಿ ಉಕಡಾ ತಾಂದೂಳ್ ಅಂತ ಕೇಳಿ. ಒಂದು ಹಿಡಿ ರಾತ್ರಿಯೇ ತೊಳೆದು ನೆನೆಹಾಕಿ. ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿ. ಕುಕ್ಕರ್ ಬೇಡವೇ ಬೇಡ, ಅದರಲ್ಲಿ ತಿಳಿಯೆಲ್ಲ ನೊರೆಯಾಗಿ ಸೀಟಿಯಲ್ಲಿ ಹೋಗುತ್ತದೆ. ಅಕ್ಕಿ ಹೊಟ್ಟೆ ಬಿಟ್ಟು ಅರಳಬೇಕು. ತಿಳಿ ಸೌಟಿನ ಬೆನ್ನಿಗೆ ತೆಳ್ಳಗೆ ಅಂಟಬೇಕು. ಆಗ ಮೇಲಿಂದ ಮೇಲೆ ತೆಗೆಯಿರಿ, ತಳ ಕಲಕಬೇಡಿ. ಕೂಡಲೇ ಮುಚ್ಚಿ, ಇಲ್ಲವಾದರೆ ಕೆನೆ ಕಟ್ಟುತ್ತದೆ. ಬೆರಳು ತಾಳುವಷ್ಟು ಬಿಸಿ ಇರುವಾಗ ಉಪ್ಪು ಹಾಕಿ ನಾಲಿಗೆಗೆ ಹಚ್ಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಬಾರದು. ಜಾಸ್ತಿಯಾದರೆ ಚೆಲ್ಲಬೇಡಿ, ಇನ್ನಷ್ಟು ತಿಳಿ ಸೇರಿಸಿ. ಒಂದು ಲೋಟ ಮನೆಯಲ್ಲೇ, ಗುಟುಕು ಗುಟುಕಾಗಿ. ಉಳಿದದ್ದು ಸ್ಟೀಲ್ ಬಾಟಲಿಯಲ್ಲಿ, ಮಧ್ಯಾಹ್ನದೊಳಗೆ ಮುಗಿಯಬೇಕು. ಈ ಸೆಕೆಗೆ ಹುಳಿ ಬರುತ್ತದೆ. ಅನ್ನದ ಅಗುಳನ್ನು ಮಾವಿನ ಮಿಡಿ ಜೊತೆ ತಿಂದೇ ಹೊರಡಿ. ಬೀಪಿ ಜಾಸ್ತಿ ಇರುವವರು, ಕಿಡ್ನಿ ತೊಂದರೆ ಇರುವವರು ಮಾತ್ರ ಉಪ್ಪು ಹಾಕಿಕೊಳ್ಳಬೇಡಿ.

ಈ ತಿಳಿಯನ್ನೇ ಸೀರೆಗೂ ಹಾಕಿದವಳೊಬ್ಬಳಿದ್ದಾಳೆ, ಬಿಳಿ ಸೀರೆ ಕೆಂಪಾಯಿತು! ಬಟ್ಟೆಗೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಗಂಜಿ. ಅದೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ, ಈ ಮುಂಬಯಿ ಮಳೆಯಲ್ಲಿ ಒಣಗದೆ ಬೂಷ್ಟು ಹಿಡಿಯುತ್ತದೆ.

ಟ್ರೇನಿನಲ್ಲಿ ನಿಂತಿದ್ದಾಗ ಕಣ್ಣು ಮಂಜಾಗತೊಡಗಿದರೆ ಕಾಲಿಗೆ ಕಾಲು ಹೆಣೆದು ತೊಡೆ ಬಿಗಿಹಿಡಿಯಿರಿ, ಮುಷ್ಟಿ ಬಿಗಿಯಿರಿ. ನಾಚಿಕೊಳ್ಳದೆ ಜಾಗ ಕೇಳಿ, ಕೆಳಗಾದರೂ ಕೂತುಬಿಡಿ. ಯಾರಾದರೂ ಬಿದ್ದರೆ ಎತ್ತಿ ನಿಲ್ಲಿಸಬೇಡಿ. ಮಲಗಿಸಿ ಕಾಲು ಎತ್ತರಕ್ಕಿಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು. ಓಡುವಾಗ, ಮೆಟ್ಟಿಲು ಹತ್ತುವಾಗ ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಗಂಜಿ ಗಿಂಜಿ ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನಮ್ಮ ಹುಡುಗಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ. ಯಾವ ದಿನ, ಯಾವ ಹೊತ್ತು, ಏನು ತಿಂದಿದ್ದಳು, ಮುಟ್ಟಿನ ದಿನ ಯಾವುದು. ಎರಡು ತಿಂಗಳಲ್ಲಿ ಕಣ್ಣಿಗೇ ಕಂಡಿತು. ಎಲ್ಲವೂ ಮುಟ್ಟಿನ ಆಸುಪಾಸಿನಲ್ಲಿ. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 9. ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಆದರೆ ರಕ್ತ ಕಡಿಮೆ ಅಂತಲೇ ಲೆಕ್ಕ. ಇಷ್ಟು ದಿನ ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದಳು, ಬಣ್ಣ ಕೆಂಪು ಅಂತ! ಅದರಲ್ಲಿ ಕಬ್ಬಿಣ ಅಷ್ಟಕ್ಕಷ್ಟೆ. ಹುರುಳಿ, ಹರಿವೆ ಸೊಪ್ಪು ತಿನ್ನಿ, ಮೇಲೆ ನಿಂಬೆ ಹಿಂಡಿ. ಊಟವಾದ ಕೂಡಲೇ ಚಹಾ ಕುಡಿಯಬೇಡಿ, ಒಂದು ಗಂಟೆ ಬಿಡಿ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬರೀ ಸಸ್ಯಾಹಾರಿಗಳು ಬಿ12 ವಿಟಮಿನ್ ಕೂಡ ನೋಡಿಸಿಕೊಳ್ಳಿ.

ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಶುರುವಾಗಿ ನಾಲ್ಕೇ ದಿನಕ್ಕೆ, ಮಲ ಕಪ್ಪಗಿದೆ ಅಂತ ಹೆದರಿ ಆಫೀಸಿನಿಂದ ಫೋನ್ ಮಾಡಿದಳು. ಆ ಮಾತ್ರೆಗೆ ಹಾಗೆಯೇ ಆಗುತ್ತದೆ, ನಿಲ್ಲಿಸಬೇಡ ಅಂದೆ. ಮಾತ್ರೆ ತೆಗೆದುಕೊಳ್ಳದೆಯೇ ಡಾಂಬರಿನ ಹಾಗೆ ಕಪ್ಪಗೆ ಹೋದರೆ ಮಾತ್ರ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.