ಬೋಲ್ಟ್ ಕಚ್ಚಿರುವುದು ಎಲ್ಲಿ?

ಬದಿಯಡ್ಕದ ನನ್ನ ಗ್ಯಾರೇಜಿಗೆ ಎರಡು ಬಗೆಯ ಗಾಡಿಗಳು ಬರುತ್ತವೆ. ಕುಂಬಳೆ, ಉಪ್ಪಳದ ಕಡಲ ಬದಿಯವನ್ನು ಉಪ್ಪುಗಾಳಿ ಹೊರಗಿನಿಂದ ತಿಂದಿರುತ್ತದೆ. ಪೆರ್ಲ, ಮುಳ್ಳೇರಿಯದ ತೋಟದ ಗಾಡಿಗಳು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತವೆ, ಹಾಳಾಗಿರುವುದು ಒಳಗೆ. ರೇಡಿಯೇಟರಿಗೆ ವರ್ಷಗಟ್ಟಲೆ ಬರಿಯ ಬಾವಿನೀರು ಕುಡಿಸಿರುತ್ತಾರೆ.

ಅಂಥದ್ದೇ ಒಂದು ಡೀಸೆಲ್ ಪಿಕಪ್ ಮಳೆಗಾಲದ ಹೊಸ್ತಿಲಲ್ಲಿ ಬಂತು. ಎಂಜಿನ್ ತಂಪಿಡುವ ನೀರಿನ ಹರಿವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟಿನ ಹೌಸಿಂಗ್, ಅಂದರೆ ಕವಚದ ಬುಡದಲ್ಲಿ ನೀರು ಸೋರುತ್ತಿತ್ತು. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವ ಸಮಯ, ಯಜಮಾನರಿಗೆ ಗಾಡಿ ಬೇಗ ಬೇಕು. ಹೌಸಿಂಗ್ ಅಲ್ಯುಮಿನಿಯಮ್, ಅದನ್ನು ಹಿಡಿದಿದ್ದ ಎರಡು 8 ಮಿ.ಮೀ. ಬೋಲ್ಟ್‌ಗಳು ಉಕ್ಕಿನವು. ಎರಡೂ ಕದಲಲಿಲ್ಲ.

ಇಂಥ ಹೊತ್ತಿನಲ್ಲಿ ಪಾನಾದ ಹಿಡಿಗೆ ಪೈಪ್ ತೊಡಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪೈಪಿನಿಂದ ಬಲ ಹೆಚ್ಚುತ್ತದೆ ನಿಜ, ಆದರೆ ಬೋಲ್ಟ್ ಏನು ಹೇಳುತ್ತಿದೆ ಎಂಬುದು ಕೈಗೆ ತಿಳಿಯದೆ ಹೋಗುತ್ತದೆ. ನಾನು ಆರು ಮೂಲೆಯ 13ರ ಸಾಕೆಟ್ ಹಾಕಿ, ಗಿಡ್ಡ ಹಿಡಿಯಿಂದ ಮೆಲ್ಲನೆ ಒತ್ತಿ ಬಿಟ್ಟೆ. ತಲೆ ತುಸು ತಿರುಗಿ ಮತ್ತೆ ಹಿಂದಕ್ಕೆ ಬಂತು. ಅಂದರೆ ತಲೆಯ ಅಡಿ ಬಿಟ್ಟಿದೆ, ಕಚ್ಚಿರುವುದು ಕೆಳಗೆಲ್ಲೋ. ನಡುವಿನ ಕಂಬಿ ಮಾತ್ರ ತಿರುಚಿಕೊಳ್ಳುತ್ತಿದೆ. ಇನ್ನೂ ಒತ್ತಿದರೆ ಮುರಿಯುವುದು ಖಚಿತ. ಹೌಸಿಂಗ್ ತೂತಿನ ಅಂಚಿನಲ್ಲಿ ಬಿಳಿ ಪುಡಿಯೂ ಕಂಡಿತು. ಅಲ್ಯುಮಿನಿಯಮ್ ಕೊಳೆತು ಆಗುವ ಈ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಬೋಲ್ಟನ್ನು ಸುತ್ತಲಿಂದ ಅಮುಕುತ್ತದೆ. ಮೇಲಿನಿಂದ ಎಣ್ಣೆ ಬಿಟ್ಟರೆ ಅದು ಅಷ್ಟು ಸುಲಭವಾಗಿ ಕೆಳಗಿಳಿಯುವುದಿಲ್ಲ.

ಆದ್ದರಿಂದ ಬೆಂಕಿ. ನೀರು ಇಳಿಸಿ, ಹತ್ತಿರದ ರಬ್ಬರ್ ಪೈಪು, ವಯರ್ ಸರಿಸಿ, ಎಣ್ಣೆ ಒರೆಸಿ, ಗ್ಯಾಸ್ ಟಾರ್ಚನ್ನು ಹೌಸಿಂಗಿಗೆ ಹಿಡಿದೆ, ಬೋಲ್ಟಿಗಲ್ಲ. ಬಿಸಿಗೆ ಅಲ್ಯುಮಿನಿಯಮ್ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 100 ಡಿಗ್ರಿ ಏರಿದರೆ 8 ಮಿ.ಮೀ. ತೂತಿನಲ್ಲಿ ಸಿಗುವ ಸಡಿಲ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಪುಡಿಯ ಹಿಡಿತ ಬಿರುಕು ಬಿಡಲು ಅಷ್ಟು ಸಾಕು. ಅಲ್ಯುಮಿನಿಯಮ್ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಬಣ್ಣ ಬದಲಾಗದೆಯೇ 660 ಡಿಗ್ರಿಯಲ್ಲಿ ಕರಗಿ ಕೂರುತ್ತದೆ. ನೀರಿನ ಹನಿ ಚುರ್ರೆಂದು ಆರುವ ಹಂತದಲ್ಲಿ ನಾನು ನಿಲ್ಲಿಸಿದೆ. ಟಾರ್ಚ್ ಆರಿಸಿದ ಮೇಲೆ ಮೇಣದ ಬತ್ತಿಯನ್ನು ಬೋಲ್ಟಿನ ಬುಡಕ್ಕೆ ಒತ್ತಿದೆ. ಕರಗಿದ ಮೇಣ ಸಂದಿಯೊಳಗೆ ಇಳಿಯಿತು.

ಮೊದಲು ಬಿಗಿಯುವ ಕಡೆಗೇ ಒಂದಿಷ್ಟು, ಆಮೇಲೆ ಬಿಚ್ಚುವ ಕಡೆಗೆ. ಕಿರ್ ಎಂಬ ಸದ್ದಿನೊಂದಿಗೆ ಒಂದು ಬೋಲ್ಟ್ ಕದಲಿತು. ಬಿಗಿ ಎನಿಸಿದಾಗಲೆಲ್ಲ ಹಿಂದಕ್ಕೆ ತಿರುಗಿಸುತ್ತ, ಪುಡಿ ಉದುರಿಸುತ್ತ ಹೊರತೆಗೆದೆ.

ಇನ್ನೊಂದು ಹಟ ಬಿಡಲಿಲ್ಲ. ಅದರ ತಲೆಯನ್ನು ನಾನೇ ತೆಗೆಯಲು ನಿರ್ಧರಿಸಿದೆ. ನಡುವಿಗೆ ಪಂಚ್ ಹೊಡೆದು, ಮೊದಲು ಸಣ್ಣ ಬಿಟ್, ಆಮೇಲೆ 8.5ರ ಬಿಟ್. ತಲೆ ಬಳೆಯಂತೆ ಕಳಚಿತು. ಯಜಮಾನರ ಮುಖ ಸಣ್ಣದಾಯಿತು. ಆದರೆ ತಲೆ ಹೋದರೆ ಬಿಗಿತವೂ ಹೋಗುತ್ತದೆ. ಮತ್ತೆ ಬಿಸಿ ಮಾಡಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಅತ್ತಿತ್ತ ತಟ್ಟಿದಾಗ ಹೌಸಿಂಗ್ ಮೇಲೆದ್ದಿತು. ಉಳಿದ ತುಂಡನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ಬಂತು: ಥ್ರೆಡ್ ಕಚ್ಚಿರಲೇ ಇಲ್ಲ. ಮುರಿದ ಬೋಲ್ಟನ್ನು ಒಳಗಿನಿಂದ ಕಚ್ಚಿ ತೆಗೆಯುವ ಈಜಿ ಔಟ್ ಹಾಕುವ ಅಗತ್ಯ ಬೀಳಲಿಲ್ಲ, ಪುಣ್ಯ. ಆ ಗಡಸು ತುಂಡು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಥ್ರೆಡ್ ಕೊರೆಯುವ ಟ್ಯಾಪ್ ಎಂಬ ಉಪಕರಣ ಓಡಿಸಿ ಥ್ರೆಡ್ ಶುಚಿ ಮಾಡಿ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್ ಹಾಕಿದೆ. ತಾಮ್ರದ ಗ್ರೀಸನ್ನು ಬೋಲ್ಟಿನ ನಡುಭಾಗಕ್ಕೆ ತೆಳುವಾಗಿ ಹಚ್ಚಿದೆ. ಥ್ರೆಡ್ಡಿಗೂ ಬಳಿದರೆ ಅದೇ ಟಾರ್ಕಿಗೆ, ಅಂದರೆ ಅದೇ ತಿರುಗಿಸುವ ಬಲಕ್ಕೆ, ಬೋಲ್ಟ್ ಹೆಚ್ಚು ಬಿಗಿಯುತ್ತದೆ, ಅಲ್ಯುಮಿನಿಯಮ್ ಥ್ರೆಡ್ ಕಿತ್ತು ಬರಬಹುದು.

ಕೂಲೆಂಟ್ ಡಬ್ಬಿ ಕಂಡ ಯಜಮಾನರು, “ಬಾವಿಯಲ್ಲಿ ನೀರು ಇರುವಾಗ ದುಡ್ಡು ಕೊಟ್ಟು ಇದನ್ನು ಕೊಳ್ಳಬೇಕೇ ಅಣ್ಣ?” ಎಂದರು. ತಲೆಯಿಲ್ಲದ ಬೋಲ್ಟನ್ನು ಅವರ ಕೈಗೆ ಕೊಟ್ಟೆ. ಕೂಲೆಂಟಿನ ಹಣ ಬಿಲ್ಲಿನಲ್ಲಿ ಸೇರಿತು.