ಬಝರ್ ಕೊಳ್ಳುವ ಮೊದಲು ಇಷ್ಟು ನೋಡಿ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ‘ಒಂದು ಬಝರ್ ಕೊಡಿ’ ಅಂದರೆ ಹೆಚ್ಚಾಗಿ ಕೈಗೆ ಬರುವುದು 12 ಮಿ.ಮೀ. ಅಗಲದ, ಮೇಲೊಂದು ತೂತಿರುವ ಪುಟ್ಟ ಕರಿ ಡಬ್ಬಿ. ಅದರಲ್ಲೇ ಎರಡು ಜಾತಿ. ಆಕ್ಟಿವ್ ಬಝರ್‌ಗೆ ಬ್ಯಾಟರಿ ಕೊಟ್ಟರೆ ಸಾಕು, ತಾನೇ ಕೂಗುತ್ತದೆ. ಪ್ಯಾಸಿವ್ ‘ಟಕ್’ ಅಂದು ಸುಮ್ಮನಾಗುತ್ತದೆ. ಅದಕ್ಕೆ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುವ ಸಿಗ್ನಲ್ ನಾವೇ ಕೊಡಬೇಕು. ನನ್ನ ಹತ್ತಿರ ಪ್ರಾಜೆಕ್ಟ್ ತರುವ ಹುಡುಗರು ಪ್ಯಾಸಿವ್ ಬಝರ್ ಹಿಡಿದು ‘ಸರ್, ಇದು ಸುಟ್ಟುಹೋಗಿದೆ’ ಅಂತಾರೆ. ಬಹಳ ಸಲ ಅದು ಚೆನ್ನಾಗಿಯೇ ಇರುತ್ತದೆ.

ಗುರುತಿಸುವುದು ಹೇಗೆ? ಮಗುಚಿ ನೋಡಿ. ತಳಕ್ಕೆ ಕರಿ ಅಂಟು ಸುರಿದು ಮುಚ್ಚಿದ್ದರೆ ಸಾಮಾನ್ಯವಾಗಿ ಆಕ್ಟಿವ್, ಹಸಿರು ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕಂಡರೆ ಪ್ಯಾಸಿವ್. ಇದನ್ನೇ ಪೂರ್ತಿ ನಂಬಬೇಡಿ. ಎರಡು ಪೆನ್ ಸೆಲ್ ಜೋಡಿಸಿ, ಉದ್ದ ಕಾಲಿಗೆ ಪ್ಲಸ್ ಬರುವಂತೆ ಒಂದು ಕ್ಷಣ ಮುಟ್ಟಿಸಿ. 5 ವೋಲ್ಟಿನ ಆಕ್ಟಿವ್ ಆದರೂ 3 ವೋಲ್ಟಿಗೆ ಸಾಮಾನ್ಯವಾಗಿ ಸಣ್ಣಗೆ ಕೂಗುತ್ತದೆ. ಬರೀ ‘ಟಕ್’ ಅಂದರೆ ಪ್ಯಾಸಿವ್. ಅದನ್ನು ಬ್ಯಾಟರಿಗೆ ಹಾಗೇ ಹಿಡಿದಿರಬೇಡಿ, ಒಳಗಿನ ಕಾಯಿಲ್ (ತಂತಿಯ ಸುರುಳಿ) ಬಿಸಿಯಾಗುತ್ತದೆ. ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ: ಮ್ಯಾಗ್ನೆಟಿಕ್ ಪ್ಯಾಸಿವ್‌ನಲ್ಲಿ 16 ಅಥವಾ 42 ಓಮ್ಸ್ ಆಸುಪಾಸು ತೋರಿಸುವುದೇ ಜಾಸ್ತಿ.

ಮ್ಯಾಗ್ನೆಟಿಕ್ ಅಂದೆ ಅಲ್ವಾ? ಅದು ಇನ್ನೊಂದು ವಿಂಗಡಣೆ: ಮ್ಯಾಗ್ನೆಟಿಕ್ ಮತ್ತು ಪೀಜೋ. ಮ್ಯಾಗ್ನೆಟಿಕ್‌ನಲ್ಲಿ ಕಾಯಿಲ್, ಅಯಸ್ಕಾಂತ ಮತ್ತು ಕಬ್ಬಿಣದ ತೆಳು ತಗಡು ಇರುತ್ತವೆ. ಕಡಿಮೆ ವೋಲ್ಟಿಗೇ ಕೂಗುತ್ತದೆ, ಆದರೆ ಕರೆಂಟ್ ಜಾಸ್ತಿ ಕೇಳುತ್ತದೆ. 5 ವೋಲ್ಟಿನ ಆಕ್ಟಿವ್ ಒಂದಕ್ಕೆ ಸುಮಾರು 30 ಮಿಲಿಆಂಪ್ ಬೇಕು. ಪ್ರಾಜೆಕ್ಟ್‌ಗಳಲ್ಲಿ ಬಳಸುವ ಪ್ರೋಗ್ರಾಂ ಮಾಡಬಹುದಾದ ಬೋರ್ಡ್ ಆರ್ಡುಯಿನೋ ಯೂನೋದ ಒಂದು ಪಿನ್ನಿನಿಂದ 20ಕ್ಕಿಂತ ಹೆಚ್ಚು ಎಳೆಯಬಾರದು. ಹಾಗಾಗಿ ನಡುವೆ ಸ್ವಿಚ್ಚಿನಂತೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಅದರ ‘ಬೇಸ್’ ಕಾಲಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ. ಮ್ಯಾಗ್ನೆಟಿಕ್ ಪ್ಯಾಸಿವ್ ಇನ್ನೂ ಹೆಚ್ಚು ಎಳೆಯುತ್ತದೆ, ಅದಕ್ಕೆ 2ಎನ್2222 ಒಳ್ಳೆಯದು. ಬಝರ್‌ಗೆ ಅಡ್ಡಲಾಗಿ ಒಂದು 1ಎನ್4148 ಡಯೋಡನ್ನು ತಿರುವುಮುರುವಾಗಿ ಹಾಕುವುದನ್ನು ಮಾತ್ರ ಬಿಡಬೇಡಿ. ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜಿನಿಂದ ಟ್ರಾನ್ಸಿಸ್ಟರನ್ನು ಕಾಪಾಡುವುದು ಅದೇ.

ಪೀಜೋದಲ್ಲಿ ಕಾಯಿಲ್ ಇಲ್ಲ. ಹಿತ್ತಾಳೆ ಬಿಲ್ಲೆಯ ಮೇಲೆ ಅಂಟಿಸಿದ ಸೆರಾಮಿಕ್ ಪದರ ವೋಲ್ಟಿಗೆ ತಕ್ಕಂತೆ ಬಾಗುತ್ತದೆ. ಕರೆಂಟ್ ಬಹಳ ಕಡಿಮೆ ಸಾಕು, ವೋಲ್ಟ್ ಏರಿಸಿದಷ್ಟೂ ಸದ್ದು ಏರುತ್ತದೆ. 3ರಿಂದ 24 ವೋಲ್ಟ್ ಎಂದು ಬರೆದಿರುವ, ಸ್ಕ್ರೂ ಹಾಕಲು ಎರಡು ಕಿವಿ ಇರುವ ಪ್ಯಾನೆಲ್ ಬಝರ್ ಇದೇ ಜಾತಿ. 12 ವೋಲ್ಟ್ ಕೊಟ್ಟರೆ ಪಕ್ಕದ ಮನೆಗೂ ಕೇಳುತ್ತದೆ.

ಹಾಗಂತ ಜೋರಾಗಿ ಕೂಗುವುದನ್ನೇ ಕಣ್ಣು ಮುಚ್ಚಿ ತಗೊಳ್ಳಬೇಡಿ. ಕೇಳಬೇಕಾದವರು ಯಾರು ಅನ್ನುವುದೇ ನನಗೆ ಮುಖ್ಯ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು. ಪೀಜೋ ಬಝರ್‌ಗಳು ಹೆಚ್ಚಾಗಿ 3,000ದಿಂದ 4,000 ಹರ್ಟ್ಜ್‌ನಲ್ಲಿ ಕೂಗುತ್ತವೆ. 12 ಮಿ.ಮೀ. ಮ್ಯಾಗ್ನೆಟಿಕ್‌ನದು 2,300ರ ಸುತ್ತಮುತ್ತ. ನಮ್ಮನೆಯ ಟ್ಯಾಂಕ್ ತುಂಬಿದಾಗ ಓಡಿ ಹೋಗಿ ಮೋಟಾರ್ ಆಫ್ ಮಾಡುವವರು ಅಮ್ಮ. ಅದಕ್ಕೇ ಮ್ಯಾಗ್ನೆಟಿಕ್ ಪ್ಯಾಸಿವ್ ಹಾಕಿದ್ದೇನೆ. ಅರ್ಧ ಸೆಕೆಂಡ್ ಕೂಗಿ ಅರ್ಧ ಸೆಕೆಂಡ್ ನಿಲ್ಲುತ್ತದೆ. ಒಂದೇ ಸಮನೆ ಕೂಗುವ ಸದ್ದು ಮಿಕ್ಸಿ, ಫ್ಯಾನಿನ ಸದ್ದಿನಲ್ಲಿ ಬೆರೆತುಹೋಗುತ್ತದೆ. ಬಿಟ್ಟು ಬಿಟ್ಟು ಕೂಗಿದರೆ ಅಮ್ಮ ತಲೆ ಎತ್ತುತ್ತಾರೆ.

ಪ್ಯಾಸಿವ್ ಹಾಕುವವರಿಗೆ ಎರಡು ಮಾತು. ಫ್ರೀಕ್ವೆನ್ಸಿಯನ್ನು 2,000ದಿಂದ 2,800ರವರೆಗೆ ನೂರು ನೂರು ಏರಿಸುತ್ತಾ ಕೇಳಿ. ಒಂದು ಕಡೆ ಸದ್ದು ಒಮ್ಮೆಲೇ ಜೋರಾಗುತ್ತದೆ, ಅಲ್ಲೇ ನಿಲ್ಲಿಸಿ. ಯೂನೋದಲ್ಲಿ ಈ ಸಿಗ್ನಲ್ ಕೊಡುವ ಟೋನ್ ಫಂಕ್ಷನ್ ಬಳಸಿದರೆ 3 ಮತ್ತು 11ನೇ ಪಿನ್ನಿನ ಪಿಡಬ್ಲ್ಯುಎಂ (ವೇಗ, ಬೆಳಕು ಹೆಚ್ಚುಕಡಿಮೆ ಮಾಡುವ ಸಿಗ್ನಲ್) ಕೆಡುತ್ತದೆ, ಮೋಟಾರನ್ನೋ ಎಲ್‌ಇಡಿಯನ್ನೋ ಅಲ್ಲಿ ಜೋಡಿಸಬೇಡಿ.

ಬಝರ್ ಮೇಲೆ ಬಿಳಿ ಸ್ಟಿಕ್ಕರ್ ಇದ್ದರೆ ಬೆಸುಗೆ ಹಾಕಿ ಬೋರ್ಡ್ ತೊಳೆಯುವ ತನಕ ಇರಲಿ, ಒಳಗೆ ನೀರು ಹೋಗದಂತೆ ಹಚ್ಚಿರುತ್ತಾರೆ. ಆಮೇಲೆ ಕಿತ್ತುಬಿಡಿ, ಸದ್ದು ಇನ್ನಷ್ಟು ಜೋರಾಗಿ ಕೇಳುತ್ತದೆ.